ಚೌಕಟ್ಟಿನ ಹೊರಗೆ

ಸಕಲೇಶಪುರದಿಂದ ಮಂಗಳೂರಿನ ಹಾದಿಯಲ್ಲಿ ಸಿಗುವ ನಮ್ಮ ಆನೇಮಹಲ್‌ಗೆ ಈಚೆಗೆ ಕ್ಯಾಮೆರಾ ಹಿಡಿದು ಬರುವವರು ಬಹಳ. ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ಮಂಜರಾಬಾದ್ ಕೋಟೆಯ ಚಿತ್ರವನ್ನು ಎಷ್ಟು ಮಂದಿ ತೆಗೆದರೂ ಅದನ್ನು ಯಾರೂ ಕೊಳ್ಳಲಾರರು. ಹೆಂಚಿನ ಮನೆಗಳ ಮಾತು ಬೇರೆ. ಹೊಗೆಹಿಡಿದ ಅಟ್ಟ, ಕಾಫಿ ಒಣಗುವ ಕಣ, ಜಗಲಿಯ ಕಂಬ ಇವೆಲ್ಲ ನೆನಪಿಗಾದರೂ ಉಳಿಯಲೆಂದು ನಾನೂ ರಜಾದಿನಗಳಲ್ಲಿ ಚಿತ್ರ ತೆಗೆಯುವವನೇ. ಆದರೆ ಅಂಥ ಚಿತ್ರವೇ ನಗರದವರ ಕಣ್ಣಿಗೆ ಬಿದ್ದು, ಮನೆ ಹೋಂಸ್ಟೇ ಆಗಿ, ಪಕ್ಕದ ಗದ್ದೆಗೆ ಊರವರ ಕೈಗೆಟುಕದ ಬೆಲೆ ಬಂದರೆ, ಉಳಿದದ್ದೇನು? ಜಗಲಿಯೇನೋ ಉಳಿಯಿತು, ದಾರಿಹೋಕನು ಕೇಳದೆ ಬಂದು ಕೂರುವ ಹಾಗಿಲ್ಲ.

ಹಳೆಯದೆಲ್ಲ ಹಾಗೆಯೇ ಇರಲೆಂದು ಹಂಬಲಿಸುವುದು ತಿಂಗಳ ಸಂಬಳದ ನನ್ನಂಥವರಿಗೆ ಸುಲಭ. 2001ರ ಆಸುಪಾಸಿನಲ್ಲಿ ಕಾಫಿಯ ಬೆಲೆ ನೆಲಕಚ್ಚಿದ್ದನ್ನು ಕಂಡ ಬೆಳೆಗಾರನಿಗೆ, ಅತಿಥಿಗಳನ್ನು ಇಟ್ಟುಕೊಳ್ಳಬೇಡವೆಂದು ಉಪದೇಶಿಸಲು ನನಗೆ ಬಾಯಿಲ್ಲ. ನನ್ನ ಆಕ್ಷೇಪ ಚೌಕಟ್ಟಿನದು. ನಾನು ಕಂಡ ಚಿತ್ರಗಳಲ್ಲೆಲ್ಲ ಮಂಜಿದೆ (ಮಂಜಿಗೆ ಇಲ್ಲಿ ಬರವೆ!), ತೋಟದ ಕೂಲಿಯವರ ಲೈನ್‌ಮನೆ ಮಾತ್ರ ಕಾಣದು. ಚೆಂದವನ್ನಷ್ಟೇ ಆರಿಸುವ ಕಣ್ಣು, ಅರಿತೋ ಅರಿಯದೆಯೋ, ಮಾರುವವನ ಕಣ್ಣಾಗಿಬಿಡುತ್ತದೆ. ಲೈನಿನ ಅಜ್ಜಿಯೊಬ್ಬರ ಚಿತ್ರ ತೆಗೆಯಬಹುದೇ ಎಂದು ಕೇಳಿದೆ. “ಮೊದ್ಲು ನಂಗೊಂದು ಕೊಡಿ ಮೇಷ್ಟ್ರೇ, ಆಮೇಲೆ ಯಾರಿಗ್ ಬೇಕಾದ್ರೂ ತೋರ್ಸಿ” ಎಂದರು.