ಏನೂ ಆಗಿಲ್ಲವೆಂಬ ಭರವಸೆ

ರಾಸಾಯನಿಕ ಕಾರ್ಖಾನೆಗಳಲ್ಲಿ ಎರಡು ಬಗೆಯ ಸಾಧನಗಳಿರುತ್ತವೆ. ಒಂದು, ದಿನವೂ ದುಡಿಯುವಂಥದ್ದು. ಇನ್ನೊಂದು, ದುಡಿಯುವ ಪ್ರಸಂಗವೇ ಬಾರದಿರಲಿ ಎಂಬ ಹಾರೈಕೆಯಿಂದ ಇಟ್ಟದ್ದು. ಪಂಪು ಕೆಟ್ಟರೆ ಉತ್ಪಾದನೆ ನಿಲ್ಲುತ್ತದೆ, ಗಂಟೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಒತ್ತಡ ಮಿತಿಮೀರಿದಾಗ ತೆರೆಯಬೇಕಾದ ಕವಾಟ ತುಕ್ಕು ಹಿಡಿದು ಅಂಟಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಕೆಲಸ ಸಾಗುತ್ತದೆ, ಲಾಭವೂ ಬರುತ್ತದೆ. ಪರೀಕ್ಷಿಸಿದ ದಿನ ಅಥವಾ ದುರಂತದ ದಿನ, ಇವೆರಡರಲ್ಲಿ ಒಂದು ದಿನವೇ ಅದರ ನಿಜಸ್ಥಿತಿ ಬಯಲಾಗುವುದು.

ಈ ಕಾರಣಕ್ಕೇ ಹಳತಾಗುತ್ತಿರುವ ಸುರಕ್ಷಾ ವ್ಯವಸ್ಥೆಯ ಪ್ರಶ್ನೆ ಕೇವಲ ಇಂಜಿನಿಯರುಗಳ ಪ್ರಶ್ನೆಯಲ್ಲ. ಅದು ನೈತಿಕ ಪ್ರಶ್ನೆ.

ಭೋಪಾಲವನ್ನು ನೆನಪಿಸಿಕೊಳ್ಳಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್‌ನ ಕೀಟನಾಶಕ ಕಾರ್ಖಾನೆಯ 610ನೇ ತೊಟ್ಟಿಗೆ ನೀರು ಸೇರಿ, ಮಿಥೈಲ್ ಐಸೋಸಯನೇಟ್ ಎಂಬ ವಿಷಾನಿಲ ಊರಿನ ಮೇಲೆ ಹರಡಿತು. ಅಲ್ಲಿ ಸುರಕ್ಷಾ ಸಾಧನಗಳೇ ಇರಲಿಲ್ಲವೆ? ಇದ್ದವು. ತೊಟ್ಟಿಯನ್ನು ತಂಪಾಗಿಡುವ ಶೈತ್ಯ ಘಟಕವಿತ್ತು, ತಿಂಗಳುಗಳ ಹಿಂದೆಯೇ ಅದನ್ನು ನಿಲ್ಲಿಸಲಾಗಿತ್ತು. ಅನಿಲವನ್ನು ಸುಟ್ಟುಬಿಡುವ ಗೋಪುರವಿತ್ತು, ಅದರ ಕೊಳವೆಯನ್ನು ರಿಪೇರಿಗೆಂದು ಬಿಚ್ಚಿಡಲಾಗಿತ್ತು. ನೀರು ಚಿಮ್ಮಿಸುವ ವ್ಯವಸ್ಥೆಯಿತ್ತು, ನೀರು ಅನಿಲ ಹೊರಬರುತ್ತಿದ್ದ ಎತ್ತರಕ್ಕೆ ತಲುಪಲಿಲ್ಲ. ಸರಕಾರ ಒಪ್ಪಿದ ಲೆಕ್ಕದಲ್ಲೇ ಸಾವಿರಾರು ಮಂದಿ ಸತ್ತರು. 2010ರಲ್ಲಿ ಏಳು ಮಂದಿ ಭಾರತೀಯ ಅಧಿಕಾರಿಗಳಿಗೆ ಆದ ಶಿಕ್ಷೆ ತಲಾ ಎರಡು ವರ್ಷ.

ಆ ಕಾರ್ಖಾನೆ ಆಗ ನಷ್ಟದಲ್ಲಿತ್ತು, ಖರ್ಚು ಕಡಿತ ಅನಿವಾರ್ಯವಾಗಿತ್ತು ಎಂಬ ವಾದವಿದೆ. ವ್ಯಾಪಾರದಲ್ಲಿ ನಷ್ಟ ಬಂದಾಗ ಮಿತವ್ಯಯ ತಪ್ಪಲ್ಲ. ಆದರೆ ಇಲ್ಲಿ ಒಂದು ವ್ಯತ್ಯಾಸವಿದೆ. ಕ್ಯಾಂಟೀನಿನ ಖರ್ಚು ಕಡಿತ ಮಾಡಿದರೆ ಕಷ್ಟ ಒಳಗಿನವರಿಗೆ. ಶೈತ್ಯ ಘಟಕ ನಿಲ್ಲಿಸಿದರೆ ಉಳಿತಾಯ ಕಂಪೆನಿಯದು, ಅಪಾಯ ಗೋಡೆಯಾಚೆ ಮಲಗಿದವರದು. ಅವರನ್ನು ಯಾರೂ ಕೇಳಿರಲಿಲ್ಲ. ತನ್ನ ಹಣವನ್ನು ಪಣಕ್ಕಿಡುವವನನ್ನು ಸಾಹಸಿ ಎನ್ನಬಹುದು. ಪರರ ಪ್ರಾಣವನ್ನು ಅವರಿಗೆ ತಿಳಿಸದೆ ಪಣಕ್ಕಿಡುವವನಿಗೆ ಆ ಹೆಸರು ಸಲ್ಲದು. ಕಾರ್ಖಾನೆ ಬಡವಾಯಿತೆಂದು ವಿಷ ಬಡವಾಗುವುದಿಲ್ಲ. ವಿಷವನ್ನು ಕಾಯುವ ಖರ್ಚು ಭರಿಸಲಾರದವನಿಗೆ ವಿಷವನ್ನು ಇಟ್ಟುಕೊಳ್ಳುವ ಹಕ್ಕೂ ಇಲ್ಲ.

ಭೋಪಾಲ ಹಳೆಯ ಕಥೆ ಎನ್ನುವವರು 2020ರ ಮೇ 7ರ ವಿಶಾಖಪಟ್ಟಣವನ್ನು ನೋಡಲಿ. ಲಾಕ್‌ಡೌನಿನಿಂದ ನಿಂತಿದ್ದ ಎಲ್‌ಜಿ ಪಾಲಿಮರ್ಸ್ ಸ್ಥಾವರದಲ್ಲಿ ಹಳೆಯ ತೊಟ್ಟಿಯೊಂದರ ಸ್ಟೈರೀನ್ ಬಿಸಿಯೇರಿ ಆವಿಯಾಯಿತು. ಹನ್ನೆರಡು ಮಂದಿ ಪ್ರಾಣ ಕಳೆದುಕೊಂಡರು. ಉಷ್ಣತೆ ಅಳೆಯುವ ಸಾಧನವಿದ್ದದ್ದು ತೊಟ್ಟಿಯ ತಳಭಾಗದಲ್ಲಿ. ಕಾವೇರಿದ್ದು ಮೇಲ್ಭಾಗ. ಯಂತ್ರ ನಿಂತರೂ ಅಪಾಯ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಪಾಠ ಬೇಕೆ?

ಇಂಥ ಕಡೆ ಕೆಟ್ಟ ಉದ್ದೇಶದ ಒಬ್ಬ ಖಳನಾಯಕನನ್ನು ಹುಡುಕಿದರೆ ಅನೇಕ ಸಲ ಸಿಗುವುದಿಲ್ಲ. ಒಬ್ಬ ಪರೀಕ್ಷೆಯನ್ನು ಮುಂದಿನ ತಿಂಗಳಿಗೆ ಹಾಕಿರುತ್ತಾನೆ. ಇನ್ನೊಬ್ಬ ಪದೇ ಪದೇ ಕೂಗುವ ಅಲಾರಮ್ಮನ್ನು ಬಂದ್ ಮಾಡಿರುತ್ತಾನೆ. ಮತ್ತೊಬ್ಬ ನೋಡದೆಯೇ ರಿಜಿಸ್ಟರಿಗೆ ಸಹಿ ಹಾಕಿರುತ್ತಾನೆ. ಪ್ರತಿಯೊಬ್ಬನ ಸಮರ್ಥನೆಯೂ ಒಂದೇ: ‘ಇಷ್ಟು ದಿನ ಏನೂ ಆಗಿಲ್ಲವಲ್ಲ.’ ಏನೂ ಆಗದಿದ್ದುದು ವ್ಯವಸ್ಥೆ ಸರಿಯಿರುವುದಕ್ಕೆ ಸಾಕ್ಷಿಯಲ್ಲ. ಅದು ಪರೀಕ್ಷೆಯ ಗಳಿಗೆ ಇನ್ನೂ ಬಂದಿಲ್ಲ ಎಂಬುದಕ್ಕಷ್ಟೇ ಸಾಕ್ಷಿ.

ಹಾಗೆಂದು ಎಲ್ಲರ ಹೊಣೆ ಸಮಾನವೆ? ಅಲ್ಲ. ಬಿಡಿಭಾಗಕ್ಕೆ ಹಣ ಮಂಜೂರು ಮಾಡುವ ಅಧಿಕಾರವಿದ್ದವನ ಹೊಣೆ, ಸ್ಪ್ಯಾನರ್ ಹಿಡಿದವನದಕ್ಕಿಂತ ಬಹಳ ದೊಡ್ಡದು. ದೋಷ ಕಂಡ ಕಾರ್ಮಿಕ ನೌಕರಿ ಕಳೆದುಕೊಳ್ಳುವ ಭಯವಿಲ್ಲದೆ ‘ನಿಲ್ಲಿಸಿ’ ಎನ್ನುವಂತಿರಬೇಕು. ಪರೀಕ್ಷೆಯ ಫಲಿತಾಂಶ ಕಡತದಲ್ಲಿ ಕೊಳೆಯದೆ ನೆರೆಯ ಬಡಾವಣೆಯವರಿಗೂ ತಿಳಿಯಬೇಕು.

ಸುರಕ್ಷತೆಯ ಕೆಲಸಕ್ಕೆ ಹಾರ ತುರಾಯಿಗಳಿಲ್ಲ. ಅದು ಯಶಸ್ವಿಯಾದಾಗ ಕಾಣುವುದು ಏನೂ ನಡೆಯದ ಒಂದು ರಾತ್ರಿ ಮಾತ್ರ. ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದ ಮಗುವಿಗೆ ತನ್ನನ್ನು ಕಾಯ್ದವರು ಯಾರೆಂದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದವರಿಗಾಗಿ, ಯಾರೂ ನೋಡದಿದ್ದಾಗಲೂ ಕರ್ತವ್ಯ ಮಾಡುವುದನ್ನೇ ಅಲ್ಲವೆ ನಾವು ಪ್ರಾಮಾಣಿಕತೆ ಎನ್ನುವುದು?