ಸಾಮರ್ಥ್ಯವೂ ಅಧಿಕಾರವೂ

ಮಾಡಬಲ್ಲೆನೆಂಬ ಒಂದೇ ಕಾರಣದಿಂದ ಒಂದು ಕಾರ್ಯವು ಮಾಡತಕ್ಕದ್ದೆಂದು ಸಿದ್ಧವಾಗುವುದೇ? ಪ್ರಶ್ನೆಯು ಹಳೆಯದು. ಕರ್ಮವೊಂದಕ್ಕೆ ಯಾರು ಅಧಿಕಾರಿಯೆಂಬುದನ್ನು ಮೀಮಾಂಸಕರು ಬಹು ಸೂಕ್ಷ್ಮವಾಗಿ ಪರಿಶೀಲಿಸಿ, ಅಂಥವನಿಗೆ ನಾಲ್ಕು ಲಕ್ಷಣಗಳಿರಬೇಕೆಂದು ನಿಶ್ಚಯಿಸಿದರು: ಫಲದ ಅಪೇಕ್ಷೆಯೆಂಬ ಅರ್ಥಿತ್ವ, ಕಾರ್ಯವನ್ನು ನೆರವೇರಿಸಬಲ್ಲ ಸಾಮರ್ಥ್ಯ, ಅದರ ಕ್ರಮವನ್ನು ಅರಿತಿರುವ ವಿದ್ವತ್ತೆ, ನಿಷೇಧಕ್ಕೆ ಒಳಪಡದಿರುವ ಅಪರ್ಯುದಸ್ತತ್ವ. ಈ ವಿಚಾರವನ್ನು ಮನುಷ್ಯರನ್ನು ಹೊರಗಿಡುವುದಕ್ಕಾಗಿ ಬಳಸಿದ್ದುಂಟು. ಅದು ಇಲ್ಲಿ ಬೇಕಾಗಿಲ್ಲ. ಮನುಷ್ಯನು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದಕ್ಕೆ ಇದಕ್ಕಿಂತ ಉತ್ತಮವಾದ ಸಾಧನವು ವಿರಳವೆಂಬುದಷ್ಟೇ ಪ್ರಕೃತ. ಸಾಮರ್ಥ್ಯವು ನಾಲ್ಕರಲ್ಲಿ ಒಂದು ಮಾತ್ರವೆಂಬ ಈ ಮಾತನ್ನು ಯಾಗಶಾಲೆಯಿಂದ ಯಂತ್ರಶಾಲೆಗೆ ತಂದು ನೋಡಿದರೆ ಏನಾಗುವುದೆಂಬುದನ್ನು ಪರ್ಯಾಲೋಚಿಸಬಹುದು.

ಹಾದಿಯಿಲ್ಲದ ಎಡೆಗಳಲ್ಲಿ ಮೋಟಾರು ಓಡಿಸುವ ವಿನೋದವು ಈಗ ದೇಶದೇಶಗಳಲ್ಲಿ ಹಬ್ಬಿದೆ. ಅಂಥ ಗಾಡಿಗಳಲ್ಲಿ ಬಾನೆಟ್ಟಿನ ಮಗ್ಗುಲಿನಿಂದ ಹೊರಟು ಛಾವಣಿಯ ಮಟ್ಟದವರೆಗೆ ಏರಿರುವ ಕಪ್ಪು ಕೊಳವೆಯೊಂದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಅದಕ್ಕೆ ಸ್ನಾರ್ಕೆಲ್ ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ನೀರಿನಡಿಯಲ್ಲಿದ್ದುಕೊಂಡೇ ಡೀಸೆಲ್ ಎಂಜಿನುಗಳಿಗೆ ಗಾಳಿಯನ್ನೊದಗಿಸಲು ಮೇಲಕ್ಕೆ ಚಾಚುತ್ತಿದ್ದ ಕೊಳವೆಯಿಂದ ಆ ಹೆಸರು ಬಂದಿತು. ಎಂಜಿನೆಂಬುದು ಉಸಿರಾಡುವ ಯಂತ್ರ. ಒಳಗೆಳೆದುಕೊಂಡ ಗಾಳಿಯನ್ನು ಪಿಸ್ಟನ್ನು ಒತ್ತಿ ಕುಗ್ಗಿಸುವುದು. ಗಾಳಿಯು ಕುಗ್ಗುವುದು, ನೀರು ಕುಗ್ಗದು. ಆದುದರಿಂದ ಸಿಲಿಂಡರಿನೊಳಕ್ಕೆ ನೀರು ಹೊಕ್ಕಿತೆಂದರೆ ಮೇಲೇರುವ ಪಿಸ್ಟನ್ನು ಬಂಡೆಗೆ ಬಡಿದಂತೆ ತಟಕ್ಕನೆ ನಿಲ್ಲುವುದು. ಅದನ್ನು ನೂಕುವ ಕನೆಕ್ಟಿಂಗ್ ರಾಡು ಬಾಗುವುದು, ಕೆಲವು ವೇಳೆ ಎಂಜಿನಿನ ಒಡಲೇ ಒಡೆಯುವುದು. ಗಾಳಿಯನ್ನೆಳೆಯುವ ಬಾಯನ್ನು ನೀರಿನ ಮೇಲಕ್ಕೂ ಧೂಳಿನ ಮೇಲಕ್ಕೂ ಎತ್ತಿಡುವುದೇ ಈ ಕೊಳವೆಯ ಪ್ರಯೋಜನ. ಒಣನಾಡಿನಲ್ಲಿ ಒಂದರ ಹಿಂದೊಂದಾಗಿ ಸಾಗುವ ಗಾಡಿಗಳಿಗೆ ಧೂಳಿನಿಂದ ದೊರೆಯುವ ರಕ್ಷಣೆಯೂ ಅಲ್ಪವಲ್ಲ.

ಇದನ್ನು ಜೋಡಿಸುವ ಕೆಲಸದಲ್ಲಿಯೇ ನೀತಿಯ ಮೊದಲನೆಯ ಪಾಠವಿದೆ. ಕಾಗದದ ಅಚ್ಚನ್ನು ಮಡ್‌ಗಾರ್ಡಿನ ಮೇಲೆ ಅಂಟಿಸಿ, ಗುರುತು ಹಾಕಿ, ತಗಡನ್ನು ಕೊರೆಯಬೇಕು. ಕೊರೆದ ಅಂಚಿಗೆ ಬಣ್ಣ ಬಳಿಯದಿದ್ದರೆ ತುಕ್ಕು ಹಿಡಿಯುವುದು. ಕೊಳವೆಯಿಂದ ಗಾಳಿ ಶೋಧಿಸುವ ಪೆಟ್ಟಿಗೆಯವರೆಗೆ ಇರುವ ಒಂದೊಂದು ಸಂದನ್ನೂ ನೀರು ಹೊಗದಂತೆ ಬಿಗಿಗೊಳಿಸಬೇಕು. ಪೆಟ್ಟಿಗೆಯ ತಳದಲ್ಲಿ ನೀರು ಸೋರಿಹೋಗಲೆಂದು ಬಿಟ್ಟಿರುವ ರಂಧ್ರವನ್ನೂ ಗಮನಿಸಬೇಕು. ಬಳಿಕ ಎಂಜಿನನ್ನು ನಡೆಯಗೊಟ್ಟು ಕೊಳವೆಯ ಬಾಯನ್ನು ಮುಚ್ಚಿ ನೋಡುವ ಪರೀಕ್ಷೆಯೊಂದುಂಟು. ಎಂಜಿನು ಉಸಿರುಗಟ್ಟಿ ನಿಂತರೆ ಕೆಲಸವು ಸರಿ. ನಿಲ್ಲದಿದ್ದರೆ ಮತ್ತೆಲ್ಲಿಯೋ ಗಾಳಿಯು ನುಗ್ಗುತ್ತಿದೆಯೆಂದರ್ಥ. ಗಾಳಿ ನುಗ್ಗಿದೆಡೆಯಲ್ಲಿ ನೀರೂ ನುಗ್ಗುವುದು. ಹೊರಗೆ ಕೊಳವೆಯನ್ನು ಮೆರೆಸಿ ಒಳಗಿನ ಸಂದುಗಳನ್ನು ಹಾಗೆಯೇ ಬಿಟ್ಟರೆ ಅದು ಸಾಧನವಲ್ಲ, ವೇಷ. ಆಕ್ಸಲ್ಲು ಗೇರುಪೆಟ್ಟಿಗೆಗಳಿಗೂ ಸಣ್ಣ ಉಸಿರುಗೊಳವೆಗಳಿರುತ್ತವೆ. ದೂರ ಓಡಿ ಕಾದಿರುವ ಆಕ್ಸಲ್ಲು ಒಮ್ಮೆಲೆ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುವುದು. ಎಣ್ಣೆಯು ಮಜ್ಜಿಗೆಯ ಬಣ್ಣಕ್ಕೆ ತಿರುಗುವುದು. ಆ ಕೊಳವೆಗಳನ್ನೂ ಮೇಲಕ್ಕೆ ಒಯ್ಯದಿದ್ದರೆ ದೊಡ್ಡ ಕೊಳವೆಯು ಕಾಪಾಡಿದ್ದನ್ನು ಸಣ್ಣ ಕೊಳವೆಯು ಕೆಡಿಸುವುದು. ಕಾಣುವ ಕೆಲಸಕ್ಕಿಂತಲೂ ಕಾಣದ ಕೆಲಸವು ಹೆಚ್ಚಿನದೆಂಬುದನ್ನು ಬಲ್ಲವನೇ ಈ ವಿಷಯದಲ್ಲಿ ವಿದ್ವಾಂಸ.

ಇಷ್ಟನ್ನೂ ಯಥಾಕ್ರಮವಾಗಿ ಮಾಡಿದರೂ ದೊರೆತ ಸಾಮರ್ಥ್ಯವೆಷ್ಟು? ಭಾರತದಲ್ಲಿ ತಯಾರಾಗುವ ಫೋರ್ಸ್ ಗೂರ್ಖಾ ಗಾಡಿಗೆ ತಯಾರಕರೇ ಸ್ನಾರ್ಕೆಲ್ ಜೋಡಿಸಿ ಕೊಡುತ್ತಾರೆ. ಅದರ ಬಾಯಿ ಛಾವಣಿಯ ಎತ್ತರದಲ್ಲಿದ್ದರೂ ಅವರು ಹಾಯಬಹುದೆಂದು ಹೇಳುವ ನೀರಿನ ಆಳ ೭೦೦ ಮಿಲ್ಲಿಮೀಟರು. ೨೦೨೦ರಿಂದ ಮಾರಾಟಕ್ಕೆ ಬಂದ ಲ್ಯಾಂಡ್ ರೋವರ್ ಡಿಫೆಂಡರಿಗಾದರೋ, ಗಾಳಿಯ ಸಸ್ಪೆನ್ಷನ್ ಇದ್ದಲ್ಲಿ, ಆ ಕೊಳವೆಯಿಲ್ಲದೆಯೇ ೯೦೦ ಮಿಲ್ಲಿಮೀಟರು ಹೇಳಿದೆ. ಕೊಳವೆಯ ಎತ್ತರವು ದಾಟಬಹುದಾದ ಆಳದ ಅಳತೆಗೋಲಲ್ಲವೆಂಬುದು ಇದರಿಂದಲೇ ಸ್ಪಷ್ಟ. ಕಾರಣವನ್ನರಿಯಲು ಸಣ್ಣದೊಂದು ಲೆಕ್ಕ ಸಾಕು. ನಾಲ್ಕೂವರೆ ಮೀಟರು ಉದ್ದ, ೧.೮ ಮೀಟರು ಅಗಲದ ಗಾಡಿಯ ಒಡಲು, ಒಳಗೆ ನೀರು ಹೊಗದಂತಿದ್ದು ೧೦ ಸೆಂಟಿಮೀಟರು ಮುಳುಗಿದರೆ, ನೀರು ಅದನ್ನು ಸುಮಾರು ೮೦೦ ಕಿಲೋಗ್ರಾಮಿನಷ್ಟು ಮೇಲಕ್ಕೆತ್ತುವುದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಜಲಸಂಶೋಧಕರು ನಿಜವಾದ ಗಾಡಿಗಳನ್ನೇ ನೀರಿಗಿಳಿಸಿ ನಡೆಸಿ ೨೦೧೭ರಲ್ಲಿ ತಿಳಿಸಿದ ಪರೀಕ್ಷೆಗಳಲ್ಲಿ, ಎರಡೂವರೆ ಟನ್ನಿನ ನಾಲ್ಕುಗಾಲಿ ಚಾಲನೆಯ ಗಾಡಿಯು ೪೫ ಸೆಂಟಿಮೀಟರು ಆಳದ ಹರಿಯುವ ನೀರಿನಲ್ಲಿ ನೆಲೆಗೆಟ್ಟಿತು; ೯೫ ಸೆಂಟಿಮೀಟರಿನಲ್ಲಿ ಪೂರ್ಣವಾಗಿ ತೇಲಿತು. ಅಂಥ ಗಾಡಿಗೆ ಸ್ನಾರ್ಕೆಲ್ ಇದ್ದರೂ ಆಗ ಅದರ ಬಾಯಿ ನೀರಿನ ಮೇಲೆಯೇ ಇರುವುದು. ಎಂಜಿನು ನಿರಾತಂಕವಾಗಿ ಉಸಿರಾಡುತ್ತಿರುವುದು. ಚಕ್ರಗಳಿಗೆ ಮಾತ್ರ ನೆಲವಿರದು. ಕೊಳವೆಯು ಎಂಜಿನಿಗೆ ಉಸಿರನ್ನು ಕೊಟ್ಟಿತೇ ಹೊರತು ಗಾಡಿಗೆ ನೆಲೆಯನ್ನು ಕೊಡಲಿಲ್ಲ.

ಸಾಮರ್ಥ್ಯದ ಪರಿಮಿತಿ ಇಂತಾಯಿತು. ಇನ್ನು ಉಳಿದ ಲಕ್ಷಣಗಳ ವಿಚಾರ. ಇದಕ್ಕೆ ಆಸ್ಟ್ರೇಲಿಯದ ಈಶಾನ್ಯ ತುದಿಯಾದ ಕೇಪ್ ಯಾರ್ಕ್ ಭೂಶಿರದಲ್ಲಿರುವ ಹಳೆಯ ತಂತಿಯ ಹಾದಿಯನ್ನು ಉದಾಹರಿಸಬಹುದು. ೧೮೮೦ರ ದಶಕದಲ್ಲಿ ಆ ಕಾಡಿನ ನಡುವೆ ತಂತಿಯ ಕಂಬಗಳನ್ನು ನೆಟ್ಟರು. ಅವುಗಳ ಮೇಲ್ವಿಚಾರಣೆಗಾಗಿ ಬಳಕೆಯಾದುದು ಆ ಹಾದಿ. ಈಗ ಅದು ಸಾಹಸಪ್ರಿಯ ಮೋಟಾರಿಗರ ಯಾತ್ರಾಸ್ಥಳ. ಪಾಮ್ ಕ್ರೀಕ್, ಗನ್‌ಶಾಟ್ ಕ್ರೀಕ್, ಕಾಕಟೂ ಕ್ರೀಕ್ ಮೊದಲಾದ ತೊರೆಗಳನ್ನು ದಾಟುತ್ತ ಉತ್ತರಕ್ಕೆ ಹೋದವರು ಕಡೆಯಲ್ಲಿ ನೋಲನ್ಸ್ ಬ್ರೂಕ್ ಎಂಬ ತೊರೆಗೆ ಬರುವರು. ಅದು ಗಾಡಿಗಳನ್ನು ಮುಳುಗಿಸುವುದರಲ್ಲಿ ಹೆಸರಾದುದು. ತಂತಿಯನ್ನು ಕಾಯುತ್ತಿದ್ದವರು ಸಂದೇಶವು ನಿಲ್ಲಬಾರದೆಂದು ತೊರೆಯನ್ನು ದಾಟಿದರು. ಈಗಿನವರು ದಾಟುವುದಕ್ಕಾಗಿಯೇ ದಾಟುವರು. ಪಕ್ಕದಲ್ಲಿಯೇ ಬಳಸಿ ಹೋಗುವ ರಸ್ತೆಗಳಿವೆ. ಜಾರ್ಡೀನ್ ನದಿಯಲ್ಲಿ ಗಾಡಿಗಳನ್ನು ಹೊತ್ತು ಸಾಗಿಸುವ ದೋಣಿಯೂ ಇದೆ.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: ಸಂತೋಷವೂ ಒಂದು ಫಲವೇ, ಅದನ್ನು ಬಯಸುವವನಿಗೆ ಅರ್ಥಿತ್ವವಿಲ್ಲವೆನ್ನಲು ಯಾರಿಗೆ ಹಕ್ಕಿದೆ? ಅಲ್ಲದೆ ಕಷ್ಟವಾದ ಹಾದಿಯು ಧೈರ್ಯವನ್ನೂ ಸಹಕಾರವನ್ನೂ ಕಲಿಸುವುದು. ಕಾಡನ್ನು ಕಂಡವನೇ ಕಾಡನ್ನು ಪ್ರೀತಿಸುವನು. ಒಂದು ಗಾಡಿ ಒಂದು ಸಲ ಹಾಯ್ದುಹೋದರೆ ತೊರೆಗೆ ಆಗುವ ನಷ್ಟವಾದರೂ ಏನು?

ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಸಂತೋಷವು ಫಲವೆಂಬುದು ನಿಜ. ಕೆಸರಿನಲ್ಲಿ ಸಿಕ್ಕಿಬಿದ್ದ ಅಪರಿಚಿತನ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಡುವ ಸೌಜನ್ಯವು ಈ ಜನರಲ್ಲಿ ಹೆಚ್ಚೆಂಬುದೂ ನಿಜ. ಆದರೆ ಫಲವು ಒಬ್ಬನಿಗೂ ವ್ಯಯವು ಇನ್ನೊಬ್ಬನಿಗೂ ಸೇರಿದಾಗ ಲೆಕ್ಕವು ಬೇರೆಯಾಗುವುದು. ಗನ್‌ಶಾಟ್ ತೊರೆಯ ದಡದಲ್ಲಿ ನೆಟ್ಟನೆಯ ಇಳಿಜಾರುಗಳು ಒಂದಲ್ಲ, ಹಲವಿವೆ. ಹಳೆಯ ಇಳಿಜಾರು ಒಬ್ಬನಿಗೆ ಕಠಿನವೆನಿಸಿತು, ಇನ್ನೊಬ್ಬನಿಗೆ ಸುಲಭವೆನಿಸಿತು. ಬಂದವರೆಲ್ಲ ಬೇರೆಬೇರೆ ಕಡೆಗಳಲ್ಲಿ ದಡವನ್ನು ಸೀಳಿದರು. ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಅಪರೂಪದ ಹೂಜಿಗಿಡಗಳು ಬೆಳೆಯುವುದು ಆ ಹಾದಿಯ ತೇವದ ನೆಲದಲ್ಲಿಯೇ. ಒಂದು ಗಾಡಿಯಿಂದ ಏನಾಗುವುದೆಂದು ಕೇಳಿದವರೆಲ್ಲರೂ ಒಂದೊಂದು ಗಾಡಿಯವರೇ ಆಗಿದ್ದರು.

ಧೈರ್ಯದ ಮಾತೂ ವಿಚಾರಾರ್ಹವಾಗಿದೆ. ತೊರೆಯನ್ನು ಬಳಸಿ ಹೋಗುವ ದಾರಿಗೆ ಆ ಮೋಟಾರಿಗರು ಕೋಳಿಯ ದಾರಿಯೆಂದು ಹೆಸರಿಟ್ಟಿದ್ದಾರೆ. ಅವರ ಆಡುಮಾತಿನಲ್ಲಿ ಕೋಳಿಯೆಂದರೆ ಹೇಡಿ. ಈ ಒಂದು ಪರಿಹಾಸದ ಹೆಸರು ಎಷ್ಟು ಎಂಜಿನುಗಳನ್ನು ಮುಳುಗಿಸಿತೋ! ಸಹಯಾತ್ರಿಕರ ನಗೆಗೆ ಅಂಜಿ ನೀರಿಗಿಳಿದವನು ಧೀರನೇ? ಅವನು ನೀರಿಗೆ ಅಂಜದಿದ್ದರೂ ನಗೆಗೆ ಅಂಜಿದನಷ್ಟೆ. ಆ ಹಾದಿಯಲ್ಲಿ ಬಲ್ಲವರು, ನೀರಿಗಿಳಿಯುವ ಮೊದಲು ತೊರೆಯನ್ನು ಕಾಲ್ನಡೆಯಿಂದ ಹಾಯ್ದು ಆಳವನ್ನೂ ಗುಂಡಿಗಳನ್ನೂ ಅರಿಯಬೇಕೆನ್ನುತ್ತಾರೆ. ಮೊಸಳೆಗಳಿರುವ ನೀರಿಗೆ ಮಾತ್ರ ಕಾಲಿಡಬಾರದೆನ್ನುತ್ತಾರೆ. ಈ ಎರಡು ಮಾತುಗಳನ್ನೂ ಕೂಡಿಸಿದರೆ ಮೂರನೆಯದು ತಾನೇ ಹೊಮ್ಮುವುದು: ಕಾಲಿನಿಂದ ಅರಿಯಲಾಗದ ನೀರನ್ನು ಚಕ್ರದಿಂದ ಪರೀಕ್ಷಿಸತಕ್ಕದ್ದಲ್ಲ. ನೆರೆ ಬಂದಿದ್ದರೆ ದಾಟುವ ಮಾತನ್ನೇ ಮರೆ ಎಂಬುದು ಕ್ವೀನ್ಸ್‌ಲ್ಯಾಂಡಿನ ಸರಕಾರವು ಜನರಿಗೆ ಸಾರುವ ಎಚ್ಚರಿಕೆ. ಕೊಚ್ಚಿಹೋದವನನ್ನು ಎತ್ತಲು ನೀರಿಗಿಳಿಯಬೇಕಾದವನಿಗೂ ಹೆಂಡತಿ ಮಕ್ಕಳಿರುತ್ತಾರೆ; ಸಾಹಸದ ಫಲದಲ್ಲಿ ಅವನಿಗೆ ಪಾಲಿಲ್ಲ.

ಈ ವಿಚಾರವು ಕನ್ನಡನಾಡಿಗೂ ದೂರದ್ದಲ್ಲ. ಮಳೆಗಾಲದಲ್ಲಿ ಮಲೆನಾಡಿನ ತೊರೆಗಳಿಗೆ ಜೀಪು ಇಳಿಸುವ ಉತ್ಸಾಹವು ಇಲ್ಲಿಯೂ ಬೆಳೆದಿದೆ. ಉತ್ತರ ಕನ್ನಡ ಜಿಲ್ಲೆಯ ಕಾಡುತೊರೆಗಳಿಂದ ೨೦೧೪ರಲ್ಲಿ ವಿಜ್ಞಾನಿಗಳು ಹೊಸದೆಂದು ವರ್ಣಿಸಿದ ಒಂದು ಕಪ್ಪೆಗೆ ಕುಂಬಾರನೆಂಬ ಕನ್ನಡದ ಹೆಸರನ್ನೇ ಇಟ್ಟಿದ್ದಾರೆ. ಅದರ ಗಂಡು, ತೊರೆಯ ತಳದಿಂದ ಮಣ್ಣನ್ನು ಕೈಗಳಲ್ಲಿ ತೆಗೆದುಕೊಂಡು ಬಂದು ಮೊಟ್ಟೆಗಳ ಮೇಲೆ ಮೆತ್ತುವುದು. ಅದರ ಈ ಗೃಹಕೃತ್ಯವು ನಡೆಯುವುದು ಮಳೆಗಾಲದಲ್ಲಿ, ಆಳವಿಲ್ಲದ ನೀರಿನಲ್ಲಿ. ಎಂದರೆ ಜೀಪಿಗೆ ಸುಲಭವಾಗಿ ಹಾಯಲಾಗುವ ಕಾಲದೇಶಗಳಲ್ಲಿಯೇ. ಅಭಯಾರಣ್ಯಗಳಿಗೆ ಅನುಮತಿಯಿಲ್ಲದೆ ಪ್ರವೇಶಿಸಬಾರದೆಂದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ವಿಧಿಸಿದೆ. ಅಲ್ಲಿ ನಿಷೇಧವು ವ್ಯಕ್ತವಾಗಿಯೇ ಇದೆ. ಆದರೆ ತೊರೆಗಳೆಲ್ಲವೂ ಅಭಯಾರಣ್ಯದಲ್ಲಿಲ್ಲ. ಕಾಯಿದೆಯು ಮೌನವಾಗಿರುವೆಡೆಯಲ್ಲಿ ನಿಷೇಧವೇ ಇಲ್ಲವೆನ್ನುವುದು ಲೌಕಿಕರ ವಾದ, ಧರ್ಮದ ವಾದವಲ್ಲ.

ಹಿಂದೆ ಎಂಜಿನು ಕೆಟ್ಟೀತೆಂಬ ಭಯವೇ ತೊರೆಗೆ ಕಾವಲಾಗಿತ್ತು. ದಡದಲ್ಲಿ ನಿಂತವನು ತನ್ನ ನಷ್ಟವನ್ನು ನೆನೆದು ಹಿಂತಿರುಗುತ್ತಿದ್ದನು. ಅದರಿಂದ ಮೀನು ಕಪ್ಪೆಗಳೂ ದಡದ ಗಿಡಗಳೂ ತಾವಾಗಿಯೇ ಉಳಿಯುತ್ತಿದ್ದವು. ಸ್ನಾರ್ಕೆಲ್ ಆ ಭಯವನ್ನು ತೆಗೆದುಹಾಕಿತು. ತೊರೆಯ ನಷ್ಟವನ್ನು ತೆಗೆದುಹಾಕಲಿಲ್ಲ. ಆದುದರಿಂದ ಭಯವು ಮಾಡುತ್ತಿದ್ದ ಕೆಲಸವನ್ನು ಇನ್ನು ವಿವೇಕವು ಮಾಡಬೇಕಾಗಿದೆ. ಸಾಧನವು ಹೆಚ್ಚಿದಷ್ಟೂ ಸಾಧಕನ ಹೊಣೆಯು ಹೆಚ್ಚುವುದೆಂಬುದರ ಅರ್ಥವಿದೇ.

ಇದರಿಂದ ಕೊಳವೆಯೇ ದೋಷವುಳ್ಳದ್ದೆಂದು ತಿಳಿಯಬಾರದು. ತೊರೆಯಾಚೆಯ ಹಳ್ಳಿಯಿಂದ ರೋಗಿಯನ್ನು ಕರೆತರಬೇಕಾದವನಿಗೂ, ಧೂಳಿನ ನಾಡಿನಲ್ಲಿ ನೂರಾರು ಮೈಲಿ ಸಾಗಬೇಕಾದವನಿಗೂ ಅದು ಉಪಕಾರಿ. ವಿನೋದಕ್ಕಾಗಿ ಹೊರಟವನೂ ಏರ್ಪಟ್ಟ ಹಾದಿಯಲ್ಲಿ, ತಳವು ಗಟ್ಟಿಯಾಗಿರುವ ಎಡೆಯಲ್ಲಿ, ಎಲ್ಲರೂ ಹಾಯುವ ಜಾಡಿನಲ್ಲಿಯೇ ನಿಧಾನವಾಗಿ ಹಾಯ್ದುಹೋದರೆ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ದಡದಲ್ಲಿ ನಿಂತು, ಹೋಗಬಲ್ಲೆನೇ ಎಂಬ ಪ್ರಶ್ನೆಗೆ ಕೊಳವೆಯಿಂದ ಉತ್ತರವನ್ನು ಪಡೆದವನು, ಹೋಗಬೇಕೇ ಎಂಬ ಪ್ರಶ್ನೆಗೂ ಅದರಿಂದಲೇ ಉತ್ತರವನ್ನು ನಿರೀಕ್ಷಿಸಬಾರದು. ಆ ಉತ್ತರವನ್ನು ಅವನು ತನ್ನೊಳಗೇ ಹುಡುಕಬೇಕು. ಹುಡುಕಿ, ಬೇಡವೆಂದು ತಿಳಿದು, ಎಲ್ಲರೆದುರಿನಲ್ಲಿ ಗಾಡಿಯನ್ನು ಹಿಂದಕ್ಕೆ ತಿರುಗಿಸಬಲ್ಲವನಿಗೆ ದಾಟುವ ಅಧಿಕಾರವೂ ಇರುವುದೆಂದು ನಂಬಬಹುದು.