ಬಂದ ಊರಿನ ದೇವರು

ಖಾನಾಪುರ ತಾಲ್ಲೂಕಿನ ಬೀಡಿಯಂಥ ಹೋಬಳಿ ಊರಿಗೆ ಹೊಸಬರು ಬರುತ್ತಲೇ ಇರುತ್ತಾರೆ. ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕಿನವರು, ಆಸ್ಪತ್ರೆಯ ನರ್ಸಮ್ಮ, ಅಂಗಡಿ ಇಡಲು ಬಂದವರು, ಗೌಂಡಿ ಕೆಲಸಕ್ಕೆ ಬಂದ ಕುಟುಂಬ. ಇಲ್ಲಿಂದ ಖಾನಾಪುರಕ್ಕೋ ಬೆಳಗಾವಿಗೋ ಹೋಗಿ ಬಾಡಿಗೆ ಮನೆ ಹಿಡಿಯುವವರೂ ಇದ್ದಾರೆ. ಮೊದಲ ತಿಂಗಳ ಚಿಂತೆಗಳು ಎಲ್ಲರಿಗೂ ಒಂದೇ: ನಳದ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹಾಲು ಯಾರು ಹಾಕುತ್ತಾರೆ, ಸಂತೆ ಯಾವ ವಾರ, ಮಕ್ಕಳ ಶಾಲೆ ಯಾವುದು. ಇವೆಲ್ಲ ಒಂದು ಹದಕ್ಕೆ ಬಂದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಈ ಊರಿನ ದೇವರು ನನಗೆ ಏನಾಗಬೇಕು? ಮನೆದೇವರು ಸವದತ್ತಿಯ ಯಲ್ಲಮ್ಮನೋ ಗೊಡಚಿಯ ವೀರಭದ್ರನೋ ಆಗಿರುವವರು ಹೊಸ ಊರಿನ ಗ್ರಾಮದೇವಿಯ ಮುಂದೆ ಕೈಮುಗಿದು ನಿಂತಾಗ ಅವರು ಆ ಊರಿನ ಭಕ್ತರೋ, ದಾರಿಯಲ್ಲಿ ಹೋಗುತ್ತ ಕೈಮುಗಿದವರೋ? ದೇವರು ಎಲ್ಲ ಕಡೆ ಒಬ್ಬನೇ ಎಂದು ಹೇಳಿ ಈ ಪ್ರಶ್ನೆಯನ್ನು ತಳ್ಳಿಹಾಕಬಹುದು. ಆದರೆ ಗ್ರಾಮದೇವಿ ಎಲ್ಲ ಕಡೆಯ ದೇವರಲ್ಲ. ಅವಳಿಗೊಂದು ಸೀಮೆ ಇದೆ, ಆ ಸೀಮೆಯೊಳಗಿನ ಮನೆಗಳೇ ಅವಳ ಒಕ್ಕಲು. ಹಾಗಾದರೆ ಒಕ್ಕಲಾಗುವುದು ಹೇಗೆ? ಊರಿನ ಬಗ್ಗೆ ಪ್ರೀತಿ ಹುಟ್ಟುವವರೆಗೆ ಕಾಯಬೇಕಾಗಿಲ್ಲ, ಊರಿನ ಹೊರೆಯಲ್ಲಿ ಒಂದು ಪಾಲು ಸಿಕ್ಕ ದಿನವೇ ಮನುಷ್ಯ ಆ ಊರಿನ ದೇವರಿಗೆ ಸೇರುತ್ತಾನೆ ಎಂಬುದು ನನ್ನ ವಾದ.

ಇದಕ್ಕೆ ಬಹಳ ಹಳೆಯ ಸಾಕ್ಷಿ ಇದೇ ತಾಲ್ಲೂಕಿನ ಹಲಸಿಯಲ್ಲಿದೆ. ಇಂದು ಭೂವರಾಹ ನರಸಿಂಹ ದೇವಾಲಯದಿಂದ ಹೆಸರಾಗಿರುವ ಈ ಊರು ಕದಂಬರ ಕಾಲದ ಪಲಾಶಿಕಾ. ಇಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ರವಿವರ್ಮನ ಕಾಲದ್ದೊಂದು ಒಂದು ಏರ್ಪಾಡನ್ನು ಹೇಳುತ್ತದೆ: ದಾನ ಕೊಟ್ಟ ಹಳ್ಳಿಯ ಉತ್ಪನ್ನದಿಂದ ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಗೆ ಎಂಟು ದಿನದ ಜಿನೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯವೆಂಬ ಜೈನ ಪಂಗಡದ ತಪಸ್ವಿಗಳಿಗೆ ಆಹಾರ ಸಲ್ಲಬೇಕು, ನಾಡಿನವರೂ ಪಟ್ಟಣದವರೂ ಜಿನಪೂಜೆಯನ್ನು ತಪ್ಪದೆ ನಡೆಸಬೇಕು. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನ ಮಾತು ಇದು. ಜೈನ ಮುನಿಗೆ ಊರೆಂಬುದಿಲ್ಲ, ಸುತ್ತುತ್ತಿರುವುದೇ ಅವರ ವ್ರತ. ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲುತ್ತಾರೆ, ಏಕೆಂದರೆ ಆಗ ನೆಲದ ತುಂಬ ಹುಳಹುಪ್ಪಟೆ, ಹಸಿರು ಚಿಗುರು, ನಡೆದರೆ ಜೀವಹಾನಿ. ಖಾನಾಪುರದ ಪಶ್ಚಿಮದ ಕಾಡಿನ ಅಂಚಿನ ಮಳೆಯನ್ನು ಬಲ್ಲವರಿಗೆ ಈ ನಿಯಮದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ನಿಂತವರಿಗೆ ಅಲ್ಲಿ ಹೊಲವಿಲ್ಲ, ಮನೆಯಿಲ್ಲ, ನೆಂಟರಿಲ್ಲ. ಆದರೂ ಆ ನಾಲ್ಕು ತಿಂಗಳು ಅವರು ಪಲಾಶಿಕೆಯವರೇ. ಊರು ಅವರಿಗೆ ಅನ್ನ ಹಾಕುವ ಭಾರ ಹೊತ್ತಿತ್ತು, ಅವರು ಊರಿನ ಜೀವಗಳನ್ನು ತುಳಿಯದೆ ಇರುವ ಭಾರ ಹೊತ್ತಿದ್ದರು. ಎಷ್ಟು ಕಾಲ ಇರುತ್ತೇವೆ ಎಂಬುದು ಇಲ್ಲಿ ಲೆಕ್ಕಕ್ಕೇ ಬಂದಿಲ್ಲ. ಮೂರು ವರ್ಷಕ್ಕೆ ವರ್ಗವಾಗುವ ನೌಕರರು, ಹೇಗೂ ಹೋಗುವವರಲ್ಲವೇ, ನಮಗೇಕೆ ಊರ ಉಸಾಬರಿ ಎಂದು ಕೈತೊಳೆದುಕೊಳ್ಳುವುದಕ್ಕೆ ಈ ತಾಮ್ರಪಟ ಉತ್ತರವಾಗಿದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ, ಅದೂ ಈ ನೆಲದ್ದೇ. ಶರಣರು ಸ್ಥಾವರವನ್ನು ಒಪ್ಪಲಿಲ್ಲ. ಕಟ್ಟಿ ನಿಲ್ಲಿಸಿದ ಗುಡಿಗಿಂತ ಚಲಿಸುವ ಜೀವ ದೊಡ್ಡದೆಂದರು. ಹಾಗಿರುವಾಗ ಊರು, ಸೀಮೆ, ಗ್ರಾಮದೇವಿ ಎಂದು ನೆಲಕ್ಕೆ ಅಂಟಿಕೊಳ್ಳುವುದು ಹಿಂದಕ್ಕೆ ಹೋದಂತಲ್ಲವೇ? ಈ ಆಕ್ಷೇಪಕ್ಕೆ ಉತ್ತರ ಬೀಡಿಗೆ ನೆರೆಯ ಕಕ್ಕೇರಿಯಲ್ಲಿದೆ. ಅಲ್ಲಿರುವುದು ಡೋಹರ ಕಕ್ಕಯ್ಯನವರ ಸಮಾಧಿ. ಚರ್ಮ ಹದ ಮಾಡುವ ಕಾಯಕದ ಈ ಶರಣರು ಮಾಳವ ದೇಶದಿಂದ ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಕಲ್ಯಾಣ ಒಡೆದ ಮೇಲೆ ಉಳವಿಯತ್ತ ಹೊರಟ ಶರಣರನ್ನು ಕಾಯುತ್ತ ಬಂದು ಇಲ್ಲಿ ಐಕ್ಯರಾದರೆಂಬುದೂ ಅದೇ ಪರಂಪರೆಯ ಮಾತು. ಎರಡು ಸಲ ನೆಲೆ ಬಿಟ್ಟವರು ಅವರು. ಕಲ್ಯಾಣದಲ್ಲಿ ಅವರನ್ನು ಕೇಳಿದ್ದು ಕಾಯಕ ಮತ್ತು ದಾಸೋಹ, ಹುಟ್ಟಿದ ಊರನ್ನಲ್ಲ, ಕುಲವನ್ನಲ್ಲ. ಬಸವಣ್ಣನವರು ಅವರನ್ನು ತಮ್ಮ ಹಿರಿಯರ ಸಾಲಿನಲ್ಲಿ ಎಣಿಸಿಕೊಂಡರು. ಶರಣರು ಬಿಡಿಸಿದ್ದು ನೆಲದ ಮೇಲಿನ ಒಡೆತನದ ಹೆಮ್ಮೆಯನ್ನು. ನೆರೆಯವರ ಹೊಟ್ಟೆಯ ಹೊಣೆಯನ್ನು ಅವರು ಇನ್ನಷ್ಟು ಬಿಗಿಗೊಳಿಸಿದರು. ದಾಸೋಹ ಯಾವಾಗಲೂ ಎದುರಿಗಿರುವವರಿಗೇ ಸಲ್ಲಬೇಕು. ಎದುರಿಗಿರುವವರು ಯಾರೆಂದರೆ, ಸದ್ಯ ನಾವು ಇರುವ ಊರಿನವರೇ.

ಗ್ರಾಮದೇವಿಯ ಆಚರಣೆಯೂ ಇದನ್ನೇ ಹೇಳುತ್ತದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಪಕ್ಕದ ಹಳಿಯಾಳ, ಮುಂಡಗೋಡ, ಕಲಘಟಗಿ ಸೀಮೆಯಲ್ಲಿ ಹೊರಬೀಡು ಎಂಬ ಪದ್ಧತಿ ಇದೆ. ಗೊತ್ತು ಮಾಡಿದ ದಿನ ಬೆಳಿಗ್ಗೆ ಊರಿಗೆ ಊರೇ ಮನೆಗೆ ಬೀಗ ಹಾಕಿ ದನಕರು, ಮುದುಕರು, ಕೂಸುಗಳ ಸಮೇತ ಸೀಮೆಯ ಹೊರಗೆ ಹೋಗುತ್ತದೆ. ಗೌಡರ ಮನೆಯೂ ಖಾಲಿ, ಕೂಲಿಯವರ ಮನೆಯೂ ಖಾಲಿ. ಹೊಲದಲ್ಲಿ, ಮರದ ಬುಡದಲ್ಲಿ ಮೂರು ಕಲ್ಲಿಟ್ಟು ಅಡಿಗೆ ಮಾಡಿ ಉಂಡು, ಹೊತ್ತು ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಊರೊಳಗೆ ಬರುತ್ತಾರೆ. ಊರು ಶುದ್ಧಿಯಾಗಲಿ, ರೋಗರುಜಿನ ಹೋಗಲಿ ಎಂಬುದು ಹಿರಿಯರು ಕೊಡುವ ಕಾರಣ. ಅದರ ಜೊತೆಗೆ ಇನ್ನೊಂದು ಅರ್ಥವೂ ನನಗೆ ಕಾಣುತ್ತದೆ: ದೇವಿಯ ಮುಂದೆ ಆ ದಿನ ಮೂಲನಿವಾಸಿ ಎಂಬುವರು ಯಾರೂ ಇಲ್ಲ. ಏಳು ತಲೆಮಾರಿನಿಂದ ಇದ್ದವರೂ ಆ ಸಂಜೆ ಹೊಸದಾಗಿ ಊರಿಗೆ ಬಂದವರೇ, ಹಿಂದಿನ ತಿಂಗಳು ಬಾಡಿಗೆಗೆ ಬಂದವರೂ ಅವರ ಜೊತೆಗೇ ಬಂದವರು.

ಮನೆದೇವರನ್ನು ಬಿಟ್ಟು ಊರದೇವರನ್ನು ಹಿಡಿಯುವುದು ದ್ರೋಹವಲ್ಲವೇ ಎಂದು ಕೇಳುವವರಿದ್ದಾರೆ. ಅವರು ತಮ್ಮ ಮನೆಯ ಸೊಸೆಯಂದಿರನ್ನು ನೋಡಬೇಕು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳು ಊರು ಬದಲಿಸುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಮದುವೆ ಎಂದು ಜನಗಣತಿಗಳು ತೋರಿಸಿವೆ. ಅಂದರೆ ಯಾವ ಹಳ್ಳಿಯನ್ನು ತೆಗೆದುಕೊಂಡರೂ ಅಲ್ಲಿನ ಹೆಂಗಸರಲ್ಲಿ ಬಹಳ ಮಂದಿ ಬೇರೆ ಊರಿನಿಂದ ಬಂದವರು. ಗಂಡನ ಊರಿನ ದೇವಿಗೆ ಉಡಿ ತುಂಬುವವರು ಅವರೇ, ವಾರ ಹಿಡಿಯುವವರು ಅವರೇ, ಜಾತ್ರೆಗೆ ಬಂದ ಬೀಗರಿಗೆ ಹೋಳಿಗೆ ಬೇಯಿಸುವವರೂ ಅವರೇ. ತವರಿನ ಜಾತ್ರೆಗೆ ಕರೆ ಬಂದಾಗ ಅಲ್ಲಿಗೂ ಹೋಗಿ ಉಡಿ ತುಂಬಿ ಬರುತ್ತಾರೆ. ಇದರಿಂದ ಯಾವ ದೇವಿಯೂ ಮುನಿದದ್ದಿಲ್ಲ. ಎರಡು ಊರಿನ ಋಣವನ್ನು ಒಟ್ಟಿಗೆ ಹೊರುವುದು ಸಾಧ್ಯ ಎಂಬುದನ್ನು ಅವರು ದಿನವೂ ಬದುಕಿ ತೋರಿಸಿದ್ದಾರೆ. ಗಂಡಸರು ಅದನ್ನು ದೊಡ್ಡ ಧರ್ಮಸಂಕಟವೆಂದು ಚರ್ಚಿಸುತ್ತಾರೆ.

ಆದರೆ ಸೊಸೆಯ ಉದಾಹರಣೆಯೇ ನನ್ನ ವಾದಕ್ಕೆ ಎದುರಾಗಿಯೂ ನಿಲ್ಲುತ್ತದೆ. ಅವಳ ಮೇಲೆ ಹೊರೆ ಹೇರಿದರು, ಊರಿನ ಮಾತುಕತೆಯಲ್ಲಿ ಕೂರಿಸಲಿಲ್ಲ. ದಲಿತ ಕೇರಿಯ ಕತೆ ಇನ್ನೂ ಕಠಿಣ: ಜಾತ್ರೆಯಲ್ಲಿ ಹಲಗೆ ಬಾರಿಸಲು ಅವರು ಬೇಕಾಗಿದ್ದರು, ಗುಡಿಯ ಹೊಸ್ತಿಲು ದಾಟಲು ಬೇಕಾಗಿರಲಿಲ್ಲ. ಹೊರೆ ಹೊತ್ತರೆ ಸಾಕು, ಊರಿನವರಾಗುತ್ತಾರೆ ಎನ್ನುವುದಾದರೆ ಅವರೇ ಎಲ್ಲರಿಗಿಂತ ಮೊದಲು ಊರಿನವರಾಗಬೇಕಿತ್ತು. ಖಾನಾಪುರದ ಕಾಡಿನಂಚಿನ ಸಿದ್ದಿಗಳನ್ನೂ ಇಲ್ಲಿ ನೆನೆಯಬೇಕು. ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕದ ಗುಲಾಮರ ಸಂತತಿ ಇದು. ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದು ತಲೆಮಾರುಗಳಿಂದ ಇಲ್ಲಿ ದುಡಿದವರು, ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಮತಗಳಲ್ಲಿ ಹರಡಿದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಜಿಲ್ಲೆಯ ಗಡಿಯ ಈಚೆ ಇದ್ದ ಕಾರಣಕ್ಕೆ ಬೆಳಗಾವಿ, ಧಾರವಾಡದ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಇಷ್ಟು ಕಾಲ ಇದ್ದೂ, ಇಷ್ಟು ದುಡಿದೂ ಇನ್ನೂ ಹೊರಗಿನವರಂತೆ ನೋಡಿಸಿಕೊಳ್ಳುವ ಜನ ಇದ್ದಾರೆಂದರೆ ತಪ್ಪು ಬಂದವರದ್ದಲ್ಲ. ಆದ್ದರಿಂದ ನನ್ನ ವಾದಕ್ಕೆ ಇನ್ನರ್ಧ ಸೇರಿಸಲೇಬೇಕು: ಹೊರೆಯಲ್ಲಿ ಪಾಲು ಕೊಟ್ಟ ಊರು ಪಂಕ್ತಿಯಲ್ಲೂ ಪಂಚಾಯ್ತಿಯಲ್ಲೂ ಪಾಲು ಕೊಡಬೇಕು. ಕಲ್ಯಾಣ ಕಕ್ಕಯ್ಯನವರಿಂದ ಕಾಯಕವನ್ನು ಪಡೆದದ್ದಷ್ಟೇ ಅಲ್ಲ, ಶರಣರ ನಡುವೆ ಅವರಿಗೆ ಜಾಗವನ್ನೂ ಕೊಟ್ಟಿತು. ಒಂದನ್ನು ಪಡೆದು ಇನ್ನೊಂದನ್ನು ತಡೆಯುವ ಊರಿನಲ್ಲಿ ಜಾತ್ರೆ ಎಷ್ಟು ಅದ್ದೂರಿಯಾಗಿ ನಡೆದರೂ ಅದು ಊರಜಾತ್ರೆಯಲ್ಲ.

ಇದು ಬರೀ ತತ್ವದ ಮಾತಲ್ಲ. ಜಾತ್ರೆ ಗೊತ್ತಾದಾಗ ಹಿರಿಯರು ವಹಿ ಹಿಡಿದು ಪಟ್ಟಿ ಎತ್ತಲು ಮನೆಮನೆಗೆ ಹೋಗುತ್ತಾರೆ. ಎಷ್ಟೋ ಕಡೆ ಬಾಡಿಗೆಯವರ ಬಾಗಿಲನ್ನು ದಾಟಿ ಮುಂದೆ ಹೋಗುತ್ತಾರೆ. ಅವರಿಗೇಕೆ ಭಾರ ಎಂಬ ಸೌಜನ್ಯದಿಂದಲೇ ಇರಬಹುದು. ಆ ಸೌಜನ್ಯ ಅವರನ್ನು ಹೊರಗಿಡುತ್ತದೆ. ಐವತ್ತೋ ನೂರೋ ರೂಪಾಯಿ, ಅದೂ ಆಗದಿದ್ದರೆ ಒಂದು ದಿನದ ಕೆಲಸ, ಏನಾದರೂ ಸರಿ, ವಹಿಯಲ್ಲಿ ಆ ಮನೆಯ ಹೆಸರು ಬರಲಿ. ಬೇರೆ ಮತದವರಿದ್ದರೆ ದೇವಿಯ ಪಟ್ಟಿಯ ಬದಲು ಕೆರೆಯ ಹೂಳೆತ್ತುವ, ಶಾಲೆಯ ಗೋಡೆ ಕಟ್ಟುವ ಕೆಲಸದ ಪಟ್ಟಿಯಲ್ಲಿ ಬರಲಿ. ಜಾತ್ರಾ ಕಮಿಟಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಈ ಸಲ ವಹಿ ತೆರೆದಾಗ ಬಾಡಿಗೆ ಮನೆಗಳನ್ನೂ ಕೇರಿಯ ಮನೆಗಳನ್ನೂ ಬರೆದುಕೊಳ್ಳಿ, ಲೆಕ್ಕ ಒಪ್ಪಿಸುವ ಸಭೆಗೆ ಅವರನ್ನೂ ಕರೆಯಿರಿ.